ಚೀಟಿ ದುಡ್ಡಲ್ಲಿ ಅಂಡಮಾನ್: ಐದು ದ್ವೀಪ ಬೇಡ, ಒಂದು ಸಾಕು

ಯುಗಾದಿ ಹತ್ರ ಬಂತು ಅಂದ್ರೆ ಸಾಕು, ಈ ಪುಟಕ್ಕೆ ಬರೋ ಪತ್ರಗಳಲ್ಲಿ ಅರ್ಧ ಬೇಸಿಗೆ ರಜೆ ಪ್ರವಾಸದ್ದೇ. ಈ ಸಲ ಮೂರು ಪತ್ರ ದ್ವೀಪದ ಬಗ್ಗೆನೇ ಬಂದಿವೆ. ಮೊದಲನೇದಕ್ಕೆ ಉದ್ದಕ್ಕೆ ಬರೆದಿದೀನಿ, ಯಾಕಂದ್ರೆ ಅಂಥ ಮನೆಗಳು ನಮ್ಮೂರಲ್ಲಿ ಬೀದಿಗೆ ಹತ್ತು ಇವೆ.

ಪ್ರಶ್ನೆ: ಅಕ್ಕಾರೆ ನಮಸ್ಕಾರ. ನಮ್ಮದು ದಾವಣಗೆರೆ ವಿನೋಬನಗರ. ಯಜಮಾನ್ರದ್ದು ಚಿಕ್ಕದೊಂದು ಸ್ಪೇರ್ ಪಾರ್ಟ್ಸ್ ಅಂಗಡಿ, ನಾನು ಮನೇಲೇ ಬ್ಲೌಸ್ ಹೊಲಿತೀನಿ. ಮಗಳು 6ನೇ ಕ್ಲಾಸು, ಮಗನಿಗೆ 6 ವರ್ಷ, ಅತ್ತೆಗೆ 64, ಅವರಿಗೆ ಮಂಡಿ ನೋವು ಬೇರೆ. ಚೀಟಿ ಎತ್ತಿದ ದುಡ್ಡು, ಹೊಲಿದ ದುಡ್ಡು ಎಲ್ಲಾ ಸೇರಿಸಿ 1 ಲಕ್ಷದ 10 ಸಾವಿರ ತೆಗೆದಿಟ್ಟಿದೀನಿ. ಮಗಳಿಗೆ ಅಂಡಮಾನ್ ನೋಡ್ಬೇಕು ಅಂತ ಎರಡು ವರ್ಷದಿಂದ ಹಠ. ಏಜೆಂಟ್ ಆರು ದಿನಕ್ಕೆ ಐದು ದ್ವೀಪ ತೋರಿಸ್ತೀನಿ, ದುಡ್ಡು ಕಮ್ಮಿ ಬಿದ್ರೆ ಇಎಂಐ ಮಾಡ್ಕೊಡ್ತೀನಿ ಅಂತಾನೆ. ಯಜಮಾನ್ರು ಚೆನ್ನೈಯಿಂದ ಹಡಗಲ್ಲೇ ಹೋಗೋಣ, ಅಗ್ಗ ಆಗುತ್ತೆ ಅಂತಾರೆ. ನಾವು ಯಾರೂ ವಿಮಾನ ಹತ್ತಿಲ್ಲ, ಅತ್ತೆ ಸಮುದ್ರವನ್ನೇ ನೋಡಿಲ್ಲ. ಊಟ ಸಸ್ಯಾಹಾರ. ಏನ್ ಮಾಡ್ಲಿ?

ಉತ್ತರ: ಹೋಗ್ರಿ ತಂಗಿ, ಖಂಡಿತ ಹೋಗ್ರಿ. ಆದ್ರೆ ಇಎಂಐ ಬೇಡ, ಐದು ದ್ವೀಪನೂ ಬೇಡ. ಎರಡೂ ಒಂದಕ್ಕೊಂದು ಅಂಟಿಕೊಂಡಿರೋ ಮಾತು, ದ್ವೀಪ ಕಡಿಮೆ ಮಾಡಿದ್ರೆ ಸಾಲದ ಮಾತೇ ಬರಲ್ಲ.

ಹೆಂಗೆ ಅಂದ್ರೆ, ನೀವು ಐದು ಜನ. ಯಾವ ಖರ್ಚು ಕೇಳಿದ್ರೂ ಮೊದಲು ಐದರಿಂದ ಗುಣಿಸಿ ಆಮೇಲೆ ಹೂಂ ಅನ್ರಿ. ಬೆಂಗಳೂರಿಂದ ಹೋಗಿ ಬರೋ ವಿಮಾನದ ಟಿಕೆಟ್ ಒಬ್ಬರಿಗೆ 12 ಸಾವಿರಕ್ಕೆ ಸಿಕ್ತು ಅಂತ ಇಟ್ಕೊಳ್ಳಿ, ಅಲ್ಲಿಗೇ 60 ಸಾವಿರ ಆಯ್ತು. ಮಗ ಚಿಕ್ಕವನು ಅಂತ ಬಸ್ಸಿನ ಹಾಗೆ ಅರ್ಧ ಟಿಕೆಟ್ ಸಿಗಲ್ಲ, 2 ವರ್ಷ ದಾಟಿದ್ರೆ ಸೀಟು ತಗೊಳ್ಳಲೇಬೇಕು, ರೇಟೂ ಹೆಚ್ಚುಕಮ್ಮಿ ದೊಡ್ಡವರದ್ದೇ. ಉಳಿದ 50 ಸಾವಿರದಲ್ಲಿ ಬೆಂಗಳೂರಿಗೆ ಹೋಗಿ ಬರೋದು, ರೂಮು, ಊಟ, ಫೆರ್ರಿ, ಆಟೋ ಎಲ್ಲಾ ಮುಗೀಬೇಕು. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗೋ ಪ್ರತಿ ಫೆರ್ರಿಗೂ ಐದು ಟಿಕೆಟ್, ಇಳಿದಲ್ಲಿ ಮತ್ತೆ ಗಾಡಿ, ಹೊಸ ರೂಮು, ಅರ್ಧ ದಿನ ಬ್ಯಾಗು ಕಟ್ಟೋದು ಬಿಚ್ಚೋದರಲ್ಲೇ ಹೋಯ್ತು. ಏಜೆಂಟನ ಐದು ದ್ವೀಪದಲ್ಲಿ ನಿಮ್ಮ ಅತ್ತೆ ನೋಡೋದು ಐದು ಜೆಟ್ಟಿ ಮಾತ್ರ.

ಹಾಗಾಗಿ ನನ್ನ ಲೆಕ್ಕ ಇಷ್ಟೇ. ಐದು ರಾತ್ರಿ. ಮೊದಲ ಎರಡು ವಿಮಾನ ಇಳಿಯೋ ಪೋರ್ಟ್ ಬ್ಲೇರಲ್ಲಿ, ಆಮೇಲೆ ಎರಡು ಹ್ಯಾವ್ಲಾಕ್ ದ್ವೀಪದಲ್ಲಿ, ಕೊನೇ ರಾತ್ರಿ ವಾಪಸ್ ಪೋರ್ಟ್ ಬ್ಲೇರ್. ಬುಕಿಂಗ್ ಮಾಡುವಾಗ ಹೆಸರು ನೋಡಿ ಗಾಬರಿ ಆಗಬೇಡ್ರಿ, ಪೋರ್ಟ್ ಬ್ಲೇರಿಗೆ 2024ರಲ್ಲಿ ಶ್ರೀ ವಿಜಯಪುರಂ ಅಂತ ಹೆಸರಿಟ್ಟಿದಾರೆ, ಹ್ಯಾವ್ಲಾಕ್ 2018ರಿಂದ ಸ್ವರಾಜ್ ದ್ವೀಪ, ನೀಲ್ ಅಂದ್ರೆ ಶಹೀದ್ ದ್ವೀಪ. ಜನ ಇನ್ನೂ ಹಳೇ ಹೆಸರೇ ಹೇಳ್ತಾರೆ. ನೀಲ್ ಈ ಸಲ ಬಿಡ್ರಿ. ಬಾರಾಟಾಂಗ್ ದ್ವೀಪ ಕೂಡ ಬಿಡ್ರಿ, ಬೆಳಗಿನ ಜಾವ ಎದ್ದು ಜಾರವಾ ಬುಡಕಟ್ಟು ಜನರ ಕಾಡಿನ ಮಧ್ಯೆ ಸಾಲುಗಟ್ಟಿದ ಗಾಡಿಗಳ ಕಾನ್ವಾಯ್‌ನಲ್ಲಿ ಹೋಗಿ ಬರೋ ದಿನ ಪೂರ್ತಿ ಪ್ರಯಾಣ ಅದು, ಮಂಡಿ ನೋವಿನವರಿಗೆ ಆಗೋದಲ್ಲ. ಜಾರವಾ ಜನರೇನು ನೋಡೋ ವಸ್ತುನೂ ಅಲ್ಲ.

ಆ ಕೊನೇ ರಾತ್ರಿ ಯಾಕೆ ಅಂತ ಹೇಳಿಬಿಡ್ತೀನಿ, ನಾನೇ ಅನುಭವಿಸಿದ್ದು. ನಾವು ಹೋದಾಗ ಒಂದು ರಾತ್ರಿ ರೂಮಿನ ದುಡ್ಡು ಉಳೀತು ಅಂತ ಬೆಳಿಗ್ಗೆ ಹ್ಯಾವ್ಲಾಕಿಂದ ಫೆರ್ರಿ, ಮಧ್ಯಾಹ್ನಕ್ಕೆ ವಿಮಾನ ಅಂತ ಇಟ್ಕೊಂಡಿದ್ವಿ. ರಾತ್ರಿಯಿಂದ ಗಾಳಿ ಎದ್ದಿತ್ತು. ಜೆಟ್ಟಿಗೆ ಬಂದು ನೋಡಿದ್ರೆ ಫೆರ್ರಿ ಕ್ಯಾನ್ಸಲ್. ಬ್ಯಾಗುಗಳ ಮೇಲೆ ಮಕ್ಕಳನ್ನ ಕೂರಿಸ್ಕೊಂಡು ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದೆ, ಆ ಕಡೆ ನಮ್ಮ ವಿಮಾನ ನಮ್ಮನ್ನ ಬಿಟ್ಟು ಹೋಯ್ತು. ಫೆರ್ರಿಯವರು ದುಡ್ಡು ವಾಪಸ್ ಕೊಟ್ರು, ವಿಮಾನದವರು ಯಾಕೆ ಕೊಡ್ತಾರೆ? ನಾಲ್ಕು ಹೊಸ ಟಿಕೆಟ್ ತಗೊಳ್ಳೋವಾಗ ನಮ್ಮ ಮನೆಯವರ ಮುಖ ಇವತ್ತಿಗೂ ಕಣ್ಮುಂದೆ ಇದೆ. ಸಮುದ್ರಕ್ಕೆ ನಮ್ಮ ಟಿಕೆಟ್ ಗೊತ್ತಿಲ್ಲ ತಂಗಿ, ವಿಮಾನದ ಹಿಂದಿನ ರಾತ್ರಿ ವಿಮಾನ ನಿಲ್ದಾಣ ಇರೋ ಊರಲ್ಲೇ ಮಲಗಿರಬೇಕು.

ಹಡಗಿನ ವಿಷಯ. ಚೆನ್ನೈಯಿಂದ ಪೋರ್ಟ್ ಬ್ಲೇರಿಗೆ ಸರ್ಕಾರಿ ಪ್ಯಾಸೆಂಜರ್ ಹಡಗು ಇರೋದು ನಿಜ. ಆದ್ರೆ ಒಂದು ಕಡೆಗೇ ಸುಮಾರು ಮೂರು ದಿನ, ದಿನಾ ಹೊರಡಲ್ಲ, ಅಂಗಡಿ ಬಾಗಿಲು ಎಷ್ಟು ದಿನ ಮುಚ್ಚಬೇಕಾಗುತ್ತೆ ಅಂತ ಯಜಮಾನ್ರನ್ನೇ ಕೇಳ್ರಿ. ಮೊದಲ ಸಲ ಸಮುದ್ರ ನೋಡೋರು ಮೂರು ದಿನ ಅದರ ಮೇಲೆ ತೂಗಾಡಿದ್ರೆ ವಾಂತಿ ಮಾಡ್ಕೊಂಡೇ ಸುಸ್ತಾಗ್ತಾರೆ. ಬೆಂಗಳೂರಿಂದ ನೇರ ವಿಮಾನಕ್ಕೆ ಎರಡೂವರೆ ಗಂಟೆ ಅಷ್ಟೇ. ಹಡಗಿನ ಆಸೆ ಇದ್ರೆ ಪೋರ್ಟ್ ಬ್ಲೇರ್–ಹ್ಯಾವ್ಲಾಕ್ ಫೆರ್ರಿಯಲ್ಲೇ ತೀರುತ್ತೆ. ಸರ್ಕಾರಿ ಫೆರ್ರಿ ತುಂಬಾ ಅಗ್ಗ, ಎರಡು ಗಂಟೆ ಮೇಲೆ ಹಿಡಿಯುತ್ತೆ, ಆದ್ರೆ ದ್ವೀಪದ ಜನಕ್ಕೆ ಅದು ನಮ್ಮ ಕೆಂಪು ಬಸ್ಸಿದ್ದ ಹಾಗೆ, ಅವರು ಹೋಗಿ ಬರಬೇಕು, ಟಿಕೆಟ್ ಸುಲಭಕ್ಕೆ ಸಿಗಲ್ಲ. ಖಾಸಗಿಯದ್ದು ಒಂದೂವರೆ ಗಂಟೆ ಚಿಲ್ಲರೆ, ಎಸಿ, ರೇಟು ಜಾಸ್ತಿ. ಹೋಗುವಾಗ ಖಾಸಗಿಯದ್ದು ಮುಂಚೆನೇ ಬುಕ್ ಮಾಡ್ರಿ, ಬರುವಾಗ ಸರ್ಕಾರಿ ಸಿಕ್ರೆ ಲಾಭ. ಹತ್ತೋ ಮೊದಲು ಹೊಟ್ಟೆ ಬಿರಿಯ ತಿನ್ನಬೇಡ್ರಿ, ವಾಂತಿ ಮಾತ್ರೆ ಯಾವುದು ಅಂತ ನಿಮ್ಮ ಡಾಕ್ಟರನ್ನ ಕೇಳಿ ಇಲ್ಲಿಂದಲೇ ತಗೊಂಡು ಹೋಗ್ರಿ, ಅತ್ತೆಯವರ ಮಾತ್ರೆ ಚೀಟಿನೂ ಜೊತೆಗಿರಲಿ.

ಯಾವಾಗ ಹೋಗೋದು? ಏಪ್ರಿಲ್ ಎರಡನೇ ವಾರ ದಾಟಿ ಮೇ ಮೊದಲ ವಾರದೊಳಗೆ ಮುಗಿಸ್ರಿ. ನಮ್ಮ ಕಡೆ ಮಳೆಗಾಲ ಜೂನಿಗೆ ಅಂತ ಲೆಕ್ಕ ಹಾಕಬೇಡ್ರಿ, ಮುಂಗಾರು ದೇಶದೊಳಗೆ ಮೊದಲು ಕಾಲಿಡೋದೇ ಅಂಡಮಾನಿಗೆ, ಮೇ ಮೂರನೇ ವಾರಕ್ಕೆಲ್ಲ ಬಂದಿರುತ್ತೆ. ದಸರಾ ರಜೇಲಿ ಹೋದ್ರೆ ಬಂಗಾಳ ಕೊಲ್ಲಿ ಚಂಡಮಾರುತದ ಭಯ. ಏಪ್ರಿಲಲ್ಲಿ ಸೆಖೆ ಇದೆ, ನಿಜ, ಆದ್ರೆ ಬೇಸಿಗೆ ದಾವಣಗೆರೆಯವರಿಗೆ ಹೊಸದಲ್ಲ. ಇನ್ನೊಂದು, ಅಲ್ಲಿ ಬೆಳಗಾಗೋದು ಬೇಗ. ಗಡಿಯಾರ ನಮ್ಮದೇ, ಊರು ಮಾತ್ರ ಪೂರ್ವಕ್ಕೆ ದೂರ ಇರೋದರಿಂದ ಏಪ್ರಿಲಲ್ಲಿ ಬೆಳಿಗ್ಗೆ 5ಕ್ಕೇ ಬಿಸಿಲು ಮೂಡುತ್ತೆ, ಸಂಜೆ ಐದೂವರೆಗೆ ಸೂರ್ಯ ಮುಳುಗಿರ್ತಾನೆ. ಊಟ ಮಾಡಿ ಮಲಗೆದ್ದು ನಾಲ್ಕಕ್ಕೆ ಬೀಚಿಗೆ ಹೋಗೋಣ ಅಂದ್ರೆ ಮಕ್ಕಳಿಗೆ ಆಡೋಕೆ ಟೈಮೇ ಉಳಿಯಲ್ಲ. ಆರಕ್ಕೇ ನೀರಿಗಿಳೀರಿ, ಹತ್ತಕ್ಕೆ ರೂಮಿಗೆ ಬರ್ರಿ, ಮೂರಕ್ಕೆ ಮತ್ತೆ ಹೋಗ್ರಿ.

ನೋಡೋದು ಏನು? ಪೋರ್ಟ್ ಬ್ಲೇರಲ್ಲಿ ಸೆಲ್ಯುಲರ್ ಜೈಲು, 1906ಕ್ಕೆ ಕಟ್ಟಿ ಮುಗಿಸಿದ್ದು. ಏಳು ಸಾಲಿನ ಕಟ್ಟಡದಲ್ಲಿ ಈಗ ಉಳಿದಿರೋದು ಮೂರು. ಒಂದು ಸಾಲಿನ ಕೋಣೆಗಳು ಮುಂದಿನ ಸಾಲಿನ ಬೆನ್ನಿಗೆ ಮುಖ ಮಾಡೋ ಹಾಗೆ ಕಟ್ಟಿದಾರೆ, ಕೈದಿಗೆ ಇನ್ನೊಬ್ಬ ಕೈದಿಯ ಮುಖನೂ ಕಾಣಬಾರದು ಅಂತ. ಮಗಳನ್ನ ಒಂದು ಕೋಣೆ ಒಳಗೆ ಎರಡು ನಿಮಿಷ ನಿಲ್ಲಿಸ್ರಿ, ಪುಸ್ತಕದಲ್ಲಿ ಓದಿದ್ದು ಅರ್ಥ ಆಗುತ್ತೆ. ಮೇಲೆ ಹತ್ತೋ ಮೆಟ್ಟಿಲು ಅತ್ತೆಗೆ ಬೇಡ, ಕೆಳಗೆ ಅಂಗಳದಲ್ಲೇ ಕೂರಲಿ. ಹವಳ ನೋಡೋಕೆ ನಾರ್ತ್ ಬೇಯಲ್ಲಿ ತಳಕ್ಕೆ ಗಾಜು ಹಾಕಿದ ಬೋಟ್ ಇದೆ, ಈಜು ಬರದಿದ್ರೂ ಕೂತಲ್ಲೇ ಮೀನು ಕಾಣುತ್ತೆ. ಹಳೇ ಕೆಂಪು 20 ರೂಪಾಯಿ ನೋಟಿನ ಹಿಂದೆ ತೆಂಗಿನ ಮರ, ಲೈಟ್‌ಹೌಸ್ ಇತ್ತಲ್ಲ, ಆ ಚಿತ್ರ ಆ ಜಾಗದ್ದೇ. ಒಂದು ನೋಟು ಹುಡುಕಿ ಮಗನ ಜೇಬಲ್ಲಿ ಇಡ್ರಿ, ಅವನೇ ಹೋಲಿಸಿ ನೋಡಲಿ.

ಹ್ಯಾವ್ಲಾಕಲ್ಲಿ ರಾಧಾನಗರ ಬೀಚ್. ದುಡ್ಡು ಕೊಡೋದೇನೂ ಇಲ್ಲ, ಎರಡು ದಿನನೂ ಅಲ್ಲೇ ಕಳೀರಿ ಅಂತೀನಿ. ನಮ್ಮ ಅವ್ವ ಜಗಳೂರು ಕಡೆಯವಳು, ಅವಳಿಗೆ ನೀರು ಅಂದ್ರೆ ಬೋರ್‌ವೆಲ್, ಟ್ಯಾಂಕರ್. ಆ ಬೀಚಲ್ಲಿ ಚಪ್ಪಲಿ ದೂರ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಮೊಣಕಾಲಷ್ಟು ನೀರಿಗೆ ಹೋದ್ಲು. ಬೊಗಸೆಯಲ್ಲಿ ನೀರು ತಗೊಂಡು ಗಂಗವ್ವ ಅಂತ ತಲೆಗೆ ಹಾಕ್ಕೊಂಡ್ಲು. ಆಮೇಲೆ ಒಂದು ಬೆರಳು ನಾಲಿಗೆಗೆ ಇಟ್ಟು ನೋಡಿ, "ಇಷ್ಟ್ ನೀರೈತಿ, ಒಂದು ಮಡಿಗೂ ಹಾಯಿಸಂಗಿಲ್ಲ" ಅಂದು ಸುಮ್ಮನೆ ನಿಂತಳು. ನಾವು ಯಾರೂ ಕರೀಲಿಲ್ಲ. ಕತ್ತಲಾಗೋವರೆಗೂ ಅಲ್ಲೇ ಇದ್ವಿ. ಅವತ್ತು ಇನ್ನೊಂದು ಸ್ಪಾಟ್ ಇದೆ ಬನ್ನಿ ಬನ್ನಿ ಅಂತ ಡ್ರೈವರ್ ಅವಸರ ಮಾಡಿದ್ರೆ ಆ ಸಂಜೆ ನಮಗೆ ಸಿಗ್ತಿರಲಿಲ್ಲ, ಐದು ದ್ವೀಪ ಬೇಡ ಅಂತ ಇಷ್ಟು ಒತ್ತಿ ಹೇಳೋದು ಅದಕ್ಕೇ.

ಊಟದ ಚಿಂತೆ ಬೇಡ. ಪೋರ್ಟ್ ಬ್ಲೇರಲ್ಲಿ ತಮಿಳರು ಬಹಳ, ಅನ್ನ ಸಾಂಬಾರು ಇಡ್ಲಿ ದೋಸೆ ಸಿಗುತ್ತೆ, ಬೆಣ್ಣೆ ದೋಸೆ ಮಾತ್ರ ಕೇಳಬೇಡ್ರಿ. ಹ್ಯಾವ್ಲಾಕಲ್ಲಿ ಸಸ್ಯಾಹಾರ ಇದೆ, ರೇಟು ಜಾಸ್ತಿ, ಅದಕ್ಕೆ ಬೆಳಿಗ್ಗೆ ತಿಂಡಿ ಸೇರಿರೋ ರೂಮೇ ತಗೊಳ್ಳಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಮಂಡಕ್ಕಿ ಕಟ್ಕೊಂಡು ಹೋದ್ರೆ ಸಂಜೆ ಹಸಿವು ಕಳೆಯುತ್ತೆ, ತೂಕನೂ ಇಲ್ಲ. ಆದ್ರೆ ಒಣ ಕೊಬ್ಬರಿ ಗಿಟುಕು ಇಡಬೇಡ್ರಿ, ಎಣ್ಣೆ ಅಂಶಕ್ಕೆ ಬೆಂಕಿ ಹೊತ್ತುತ್ತೆ ಅಂತ ವಿಮಾನದಲ್ಲಿ ಬಿಡಲ್ಲ. ಉಪ್ಪಿನಕಾಯಿ ಕೈಬ್ಯಾಗಲ್ಲಿ ಬೇಡ. ಪವರ್ ಬ್ಯಾಂಕ್ ಮಾತ್ರ ಕೈಬ್ಯಾಗಲ್ಲೇ ಇರಬೇಕು. ಟಿಕೆಟಲ್ಲಿರೋ ಹೆಸರು ಆಧಾರಲ್ಲಿರೋ ಹಾಗೇ ಇರಲಿ, ಒಂದು ಅಕ್ಷರ ಆಚೀಚೆ ಆದ್ರೂ ಗೇಟಲ್ಲಿ ಒದ್ದಾಟ.

ಬೆಂಗಳೂರು ವಿಮಾನ ನಿಲ್ದಾಣ ಇರೋದು ದೇವನಹಳ್ಳಿ ಕಡೆ, ಮೆಜೆಸ್ಟಿಕ್ಕಿಂದ ವಾಯು ವಜ್ರ ಬಸ್ ಸಿಗುತ್ತೆ, ಟ್ಯಾಕ್ಸಿಗಿಂತ ಎಷ್ಟೋ ಕಮ್ಮಿ. ಬೆಳಗಿನ ವಿಮಾನ ಆದ್ರೆ ದಾವಣಗೆರೆಯಿಂದ ಹಿಂದಿನ ಸಂಜೆನೇ ಹೊರಡ್ರಿ, ಎರಡು ಗಂಟೆ ಮೊದಲು ಒಳಗಿರಬೇಕು. ಅತ್ತೆಗೆ ವೀಲ್‌ಚೇರ್ ಬೇಕು ಅಂತ ಟಿಕೆಟ್ ಮಾಡುವಾಗಲೇ ಹಾಕಿಬಿಡ್ರಿ, ನಡೆಯೋ ದೂರ ಬಹಳ ಇದೆ.

ಏಜೆಂಟ್ ಬೇಕೇ ಬೇಕು ಅನ್ನಿಸಿದ್ರೆ ಏನೇನು ಸೇರಿದೆ ಅಂತ ಕೇಳಬೇಡ್ರಿ, ಏನೇನು ಸೇರಿಲ್ಲ ಅಂತ ಬರೆಸ್ಕೊಳ್ಳಿ. ಫೆರ್ರಿ, ಜೆಟ್ಟಿಯಿಂದ ರೂಮಿಗೆ ಗಾಡಿ, ಟಿಕೆಟ್ ಫೀಸು, ಎಕ್ಸ್‌ಟ್ರಾ ಬೆಡ್ಡು, ಜಿಎಸ್‌ಟಿ, ಕೊನೆಗೆ ಬಿಲ್ಲು ಉಬ್ಬೋದು ಇವುಗಳಲ್ಲೇ. ಲಕ್ಷದ ಹತ್ತರಲ್ಲಿ 10 ಸಾವಿರ ಮುಟ್ಟದೆ ಪಕ್ಕಕ್ಕೆ ಇಡ್ರಿ. ಗಾಳಿ ಎದ್ದು ಒಂದು ದಿನ ಹೆಚ್ಚಿಗೆ ಉಳಿದ್ರೆ ಅದು ಬೇಕು. ಟಿಕೆಟ್ ನೋಡಿದ ದಿನ ಒಬ್ಬರಿಗೆ 15 ಸಾವಿರ ಮೇಲೆ ತೋರಿಸ್ತಿದ್ರೆ ಈ ಏಪ್ರಿಲ್ ಬಿಟ್ಟುಬಿಡ್ರಿ, ಮುಂದಿನ ವರ್ಷದ ತನಕ ಕಾದು ನೋಡ್ರಿ. ಮಗಳು ಬೇಜಾರಾಗ್ತಾಳೆ, ಆದ್ರೆ ಸಾಲದ ಕಂತು ಕಟ್ಟೋ ತಿಂಗಳುಗಳನ್ನ ಅವಳೂ ನೋಡ್ತಾಳೆ.

ಪ್ರಶ್ನೆ: ನಾವು ಚಿತ್ರದುರ್ಗದವರು, ಗಂಡ ಹೆಂಡತಿ, ಎರಡು ಮಕ್ಕಳು. 12 ಸಾವಿರಕ್ಕೆ ಎರಡು ದಿನದಲ್ಲಿ ಯಾವುದಾದ್ರೂ ದ್ವೀಪ ನೋಡಿ ಬರಬಹುದಾ?

ಉತ್ತರ: ಮಲ್ಪೆಯ ಸೇಂಟ್ ಮೇರೀಸ್ ದ್ವೀಪ, ಆರಾಮಾಗಿ. ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಘಾಟಿ ಇಳಿದು ಉಡುಪಿ, ರೂಮು ಅಲ್ಲೇ ಮಾಡ್ರಿ, ದ್ವೀಪದಲ್ಲಿ ರಾತ್ರಿ ಉಳಿಯೋ ಹಾಗಿಲ್ಲ. ಬೆಳಗಿನ ಮೊದಲ ಬೋಟಿಗೇ ಹೋಗ್ರಿ, ನೆರಳು ಕಡಿಮೆ, ಹನ್ನೊಂದರ ಮೇಲೆ ಕಲ್ಲು ಕಾದಿರುತ್ತೆ. ಜೂನಿಂದ ಸೆಪ್ಟೆಂಬರ್ ತನಕ ಕಡಲು ಎದ್ದಿರುತ್ತೆ, ಆಗ ಬೋಟ್ ಇಲ್ಲ. ಬಂಡೆ ಹತ್ತಿ ಸೆಲ್ಫಿ ತೆಗೆಯೋ ಹುಚ್ಚು ಮಾತ್ರ ಬೇಡ, ಪಾಚಿ ಜಾರುತ್ತೆ, ಅಲ್ಲಿ ಜೀವ ಹೋಗಿರೋದುಂಟು.

ಹೊರಡೋ ಮುಂಚೆ ಒಂದು ಭಾನುವಾರ ಮಕ್ಕಳನ್ನ ನಿಮ್ಮೂರ ಹತ್ರದ ಮರಡಿಹಳ್ಳಿಗೆ ಕರ್ಕೊಂಡು ಹೋಗ್ರಿ. ಅಲ್ಲಿ ದಿಂಬು ಪೇರಿಸಿಟ್ಟ ಹಾಗೆ ಉಂಡುಂಡೆ ಬಂಡೆ ಇದೆ, ಪಿಲ್ಲೋ ಲಾವಾ ಅಂತಾರೆ. ಲಾವಾ ನೀರೊಳಗೆ ಉಕ್ಕಿ ತಣ್ಣಗಾದ್ರೆ ಮಾತ್ರ ಆ ಆಕಾರ ಬರೋದು, ಅಂದ್ರೆ ಇನ್ನೂರು ಕೋಟಿ ವರ್ಷಕ್ಕೂ ಹಿಂದೆ ನಮ್ಮ ದುರ್ಗದ ಈ ಒಣ ನೆಲದ ಮೇಲೆ ಸಮುದ್ರ ಇತ್ತು. ಸೇಂಟ್ ಮೇರೀಸಲ್ಲಿ ಕಂಬ ಕಂಬದ ಹಾಗೆ ನಿಂತಿರೋ ಕಲ್ಲೂ ಲಾವಾನೇ, ಮಡಗಾಸ್ಕರ್ ನಮ್ಮಿಂದ ಬೇರೆಯಾಗೋ ಕಾಲದ್ದು, ಸುಮಾರು 8.8 ಕೋಟಿ ವರ್ಷ ಹಳೇದು. ಎರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೇ. ಇಲ್ಲಿ ದುಂಡಗೆ, ಅಲ್ಲಿ ಉದ್ದಕ್ಕೆ ಯಾಕೆ ಅಂತ ಮಕ್ಕಳೇ ಕೇಳ್ತಾರೆ.

ಪ್ರಶ್ನೆ: ಲಕ್ಷದ್ವೀಪ ಅಂಡಮಾನಿಗಿಂತ ಹತ್ತಿರ ಅಲ್ವಾ, ಖರ್ಚೂ ಕಮ್ಮಿ ಇರಬೇಕಲ್ವಾ? (ಹರಿಹರದ ಓದುಗರು)

ಉತ್ತರ: ಹತ್ತಿರ ಹೌದು, ಸುಲಭ ಅಲ್ಲ. ಅಂಡಮಾನಿನ ಮುಖ್ಯ ದ್ವೀಪಗಳಿಗೆ ನಮಗೆ ಪರ್ಮಿಟ್ ಬೇಡ, ಲಕ್ಷದ್ವೀಪಕ್ಕೆ ಮುಂಚೆನೇ ಎಂಟ್ರಿ ಪರ್ಮಿಟ್ ಮಾಡಿಸಬೇಕು. ಹಡಗು ಕೊಚ್ಚಿಯಿಂದ, ವಿಮಾನ ಇಳಿಯೋದು ಅಗತ್ತಿಯಲ್ಲಿ, ಉಳಿಯೋ ಜಾಗಗಳು ಬೆರಳೆಣಿಕೆ, ಹಾಗಾಗಿ ರೇಟೂ ಇಳಿಯಲ್ಲ. ಎರಡನೇ ಸಲಕ್ಕೆ ಇಟ್ಕೊಳ್ಳಿ. ಎಲ್ಲಿಗೇ ಹೋದ್ರೂ ಮಕ್ಕಳು ದಡದಲ್ಲಿ ಆರಿಸಿದ ಹವಳದ ಚೂರು ಬ್ಯಾಗಿಗೆ ಹಾಕೋಕೆ ಬಿಡಬೇಡ್ರಿ, ಸತ್ತ ಹವಳ ತಂದ್ರೂ ವನ್ಯಜೀವಿ ಕಾಯ್ದೆಗೆ ಬರುತ್ತೆ, ಏರ್‌ಪೋರ್ಟಲ್ಲಿ ಸ್ಕ್ಯಾನ್ ಮಾಡಿದಾಗ ಸಿಕ್ಕಿಬೀಳುತ್ತೆ. ಫೋಟೋ ತೆಗೆದು ಅದನ್ನ ಅಲ್ಲೇ ನೀರಿಗೆ ಬಿಡಿಸ್ರಿ.