ಲೀ ಅಂಥ ಸೇನಾಪತಿ ಇದ್ದೂ ದಕ್ಷಿಣ ಸೋತದ್ದು ಯಾಕೆ?

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದ ಬಗ್ಗೆ ಓದುತ್ತಿದ್ದೇನೆ. ಎಲ್ಲಿ ನೋಡಿದರೂ, ಒಕ್ಕೂಟದಿಂದ ಬೇರೆಯಾದ ದಕ್ಷಿಣದ ರಾಜ್ಯಗಳ ಸೇನಾಪತಿ ರಾಬರ್ಟ್ ಲೀಯನ್ನು ಹೊಗಳುವವರೇ. ಅಷ್ಟು ಜಾಣ ಇದ್ದೂ ದಕ್ಷಿಣದವರು ಸೋತದ್ದು ಹೇಗೆ ಸರ್? ಗೆಟಿಸ್‌ಬರ್ಗ್ ಕಾಳಗ ಒಂದು ಗೆದ್ದಿದ್ದರೆ ಕಥೆ ಬೇರೆ ಆಗುತ್ತಿತ್ತಾ?
– ಎಂ.ಎ. ವಿದ್ಯಾರ್ಥಿ, ದಾವಣಗೆರೆ

ಉತ್ತರ: ಲೀ ಜಾಣ, ಅದರಲ್ಲಿ ಎರಡು ಮಾತಿಲ್ಲ. ಪೂರ್ವದ ರಂಗವನ್ನಷ್ಟೇ ನೋಡಿ ಯಾವ ಕಾಳಗ ಯಾರದು ಎಂದು ಬರೆದಿಟ್ಟರೆ, 1863ರ ಮೇ ತಿಂಗಳವರೆಗೆ ಅವನ ಹೆಸರೇ ಜಾಸ್ತಿ ಬರುತ್ತದೆ. ಆದರೆ ಈ ಯುದ್ಧವನ್ನು ಹಾಗೆ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಕಾಳಗ ಮುಗಿದ ವಾರ ಉತ್ತರದ ರಾಜಧಾನಿ ವಾಷಿಂಗ್ಟನ್‌ನಲ್ಲಿ ಏನಾಯಿತು ಎಂದು ಕೇಳಿ ನೋಡಿ.

1862ರ ಸೆಪ್ಟೆಂಬರ್ ತೆಗೆದುಕೊಳ್ಳಿ. ಲೀ ಮೇರಿಲ್ಯಾಂಡ್‌ಗೆ ನುಗ್ಗಿದ್ದ. ಫ್ರೆಡರಿಕ್ ಊರಿನ ಹತ್ತಿರ ಉತ್ತರದ ಸೈನಿಕರಿಗೆ ಹುಲ್ಲಿನಲ್ಲಿ ಮೂರು ಸಿಗಾರ್ ಸಿಕ್ಕವು. ಅವಕ್ಕೆ ಸುತ್ತಿದ ಕಾಗದ ಬಿಚ್ಚಿದರೆ, ಲೀ ತನ್ನ ಸೈನ್ಯವನ್ನು ಎಲ್ಲೆಲ್ಲಿಗೆ ಒಡೆದು ಕಳಿಸಿದ್ದಾನೆ ಎಂಬ ಆದೇಶದ ಪ್ರತಿ! ಇಂಥ ಅದೃಷ್ಟ ಯಾವ ಸೇನಾಪತಿಗೆ ಸಿಗುತ್ತದೆ ಹೇಳಿ. ಸಿಕ್ಕಿದ್ದು ಮಾತ್ರ ಉತ್ತರದ ಸೇನಾಪತಿ ಮೆಕ್ಲೆಲನ್‌ಗೆ. ಸೈನ್ಯ ಕಟ್ಟುವುದರಲ್ಲಿ ಎತ್ತಿದ ಕೈ, ಅದನ್ನು ಹೊರಡಿಸುವುದರಲ್ಲಿ ಮಹಾ ನಿಧಾನಿ. ಅವನು ಅಳೆದು ಸುರಿದು ಹೊರಡುವಷ್ಟರಲ್ಲಿ ಲೀ ಚದುರಿದ ಸೈನ್ಯವನ್ನು ಒಂದಷ್ಟು ಸೇರಿಸಿಕೊಂಡಿದ್ದ. 17ರಂದು ಆಂಟೀಟಮ್ ಹಳ್ಳದ ದಂಡೆಯಲ್ಲಿ ಕಾಳಗ. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಒಂದೇ ದಿನಕ್ಕೆ ಸುಮಾರು 23,000. ಯಾರೂ ಪೂರ್ತಿ ಗೆಲ್ಲಲಿಲ್ಲ. ಲೀ ಹಿಂದಕ್ಕೆ ಸರಿದ, ಮೆಕ್ಲೆಲನ್ ಬೆನ್ನಟ್ಟಲಿಲ್ಲ.

ಅಧ್ಯಕ್ಷ ಲಿಂಕನ್‌ಗೆ ಅಷ್ಟೇ ಸಾಕಾಗಿತ್ತು. ಗುಲಾಮರ ಬಿಡುಗಡೆಯ ಘೋಷಣೆಯ ಕರಡು ಜುಲೈನಿಂದಲೇ ಅವನ ಬಳಿ ಇತ್ತು. ಸೋಲಿನ ಮೇಲೆ ಸೋಲು ಬರುತ್ತಿರುವಾಗ ಹೊರಡಿಸಿದರೆ ಬೇರೆ ದಾರಿ ಕಾಣದೆ ಮಾಡಿದ್ದು ಅನ್ನಿಸುತ್ತದೆ, ಒಂದು ಗೆಲುವಾಗಲಿ ಎಂದು ವಿದೇಶಾಂಗ ಮಂತ್ರಿ ಸೀವರ್ಡ್ ತಡೆದಿದ್ದ. ಆಂಟೀಟಮ್ ಆಗಿ ಐದೇ ದಿನಕ್ಕೆ, 22ರಂದು, ಘೋಷಣೆ ಹೊರಬಿತ್ತು. 1863ರ ಜನವರಿ 1ರಿಂದ ಜಾರಿ. ಅದು ಎಲ್ಲ ಗುಲಾಮರಿಗೂ ಅನ್ವಯಿಸಲಿಲ್ಲ, ನಿಜ. ಕೆಂಟಕಿಯಂತೆ ಒಕ್ಕೂಟದಲ್ಲೇ ಉಳಿದಿದ್ದ ಗುಲಾಮಗಿರಿ ರಾಜ್ಯಗಳನ್ನು ಮುಟ್ಟಲಿಲ್ಲ. ಆದರೂ ಬ್ರಿಟನ್ ಇನ್ನು ದಕ್ಷಿಣಕ್ಕೆ ಬೇರೆ ದೇಶವೆಂದು ಮಾನ್ಯತೆ ಕೊಟ್ಟರೆ ಗುಲಾಮಗಿರಿಯ ಪರ ನಿಂತ ಹಾಗೆ ಆಗುತ್ತಿತ್ತು. ಇತ್ತ ಕಪ್ಪು ಜನರಿಗೆ ಸೈನ್ಯದ ಬಾಗಿಲೂ ತೆರೆಯಿತು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 1.8 ಲಕ್ಷ ಮಂದಿ ಸೇರಿದ್ದರು. ಅರ್ಧಂಬರ್ಧ ಗೆದ್ದ ಕಾಳಗದಿಂದ ಇಷ್ಟೆಲ್ಲ ಆಯಿತು.

ಗೆಟಿಸ್‌ಬರ್ಗ್‌ಗೆ ಬರುತ್ತೇನೆ. 1863ರ ಜುಲೈ 1ರಿಂದ 3. ಲೀ ಸೈನ್ಯದಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ಸತ್ತಿತು, ಗಾಯಗೊಂಡಿತು ಇಲ್ಲವೇ ಸೆರೆಯಾಯಿತು. ದೊಡ್ಡ ಪೆಟ್ಟೇ. ಆದರೆ ನನ್ನನ್ನು ಕೇಳಿದರೆ, ಅದಕ್ಕಿಂತ ದೊಡ್ಡ ಪೆಟ್ಟು ಮಾರನೇ ದಿನ ಮಿಸಿಸಿಪ್ಪಿ ನದಿಯ ದಂಡೆಯ ವಿಕ್ಸ್‌ಬರ್ಗ್‌ನಲ್ಲಿ ಬಿತ್ತು. ಉತ್ತರದ ಗ್ರಾಂಟ್ ಆ ಊರಿಗೆ 47 ದಿನ ಮುತ್ತಿಗೆ ಹಾಕಿದ್ದ. ಜನ ಫಿರಂಗಿಗೆ ಹೆದರಿ ಗುಡ್ಡ ಕೊರೆದು ಗವಿಗಳಲ್ಲಿ ಇದ್ದರು, ಹೇಸರಗತ್ತೆ ಮಾಂಸ ತಿಂದರು. ಊರಿನ ಪತ್ರಿಕೆಗೆ ಕಾಗದ ಖಾಲಿಯಾಗಿ ಗೋಡೆಗೆ ಅಂಟಿಸುವ ವಾಲ್‌ಪೇಪರ್ ಹಿಂಬದಿಯಲ್ಲಿ ಅಚ್ಚು ಹಾಕುತ್ತಿದ್ದರು. ಗ್ರಾಂಟ್ ಜುಲೈ 4ಕ್ಕೆ ನಮ್ಮೂರಲ್ಲಿ ಊಟ ಮಾಡುತ್ತಾನಂತೆ, ಮೊದಲು ಊರೊಳಗೆ ಬರಲಿ ಎಂದು ಜುಲೈ 2ರ ಸಂಚಿಕೆ ಗೇಲಿ ಮಾಡಿತ್ತು. ಸರಿಯಾಗಿ 4ಕ್ಕೇ ಊರು ಶರಣಾಯಿತು. ಒಳಗೆ ಬಂದ ಸೈನಿಕರು ಅದೇ ಪುಟಕ್ಕೆ ತಮ್ಮದೊಂದು ಟಿಪ್ಪಣಿ ಸೇರಿಸಿ ಮತ್ತೆ ಅಚ್ಚು ಹಾಕಿದರು!

ಇದಾದ ಮೇಲೆ ಕೆಲವೇ ದಿನಗಳಲ್ಲಿ ಇಡೀ ನದಿ ಉತ್ತರದ ವಶವಾಯಿತು. ಟೆಕ್ಸಾಸ್, ಅರ್ಕಾನ್ಸಾಗಳು ಉಳಿದ ದಕ್ಷಿಣದಿಂದ ಕಡಿದುಹೋದವು. ಲೀ ಗೆಟಿಸ್‌ಬರ್ಗ್ ಗೆದ್ದಿದ್ದರೂ ವಿಕ್ಸ್‌ಬರ್ಗ್ ಉಳಿಯುತ್ತಿರಲಿಲ್ಲ ಅಲ್ವಾ?

ಇಷ್ಟಾದರೂ ದಕ್ಷಿಣಕ್ಕೆ ಒಂದು ದಾರಿ ಉಳಿದಿತ್ತು: ಉತ್ತರದ ಮತದಾರನಿಗೆ ಸಾಕಪ್ಪಾ ಸಾಕು ಅನ್ನಿಸುವಂತೆ ಮಾಡುವುದು. 1864ರ ಬೇಸಿಗೆಯಲ್ಲಿ ಅದು ಆಗಿಯೇಬಿಟ್ಟಿತು ಅನ್ನಿಸಿತ್ತು. ವರ್ಜೀನಿಯಾದಲ್ಲಿ ಗ್ರಾಂಟ್ ಸಾವಿರಾರು ಜನರನ್ನು ಕಳೆದುಕೊಂಡಿದ್ದ. ಆಗಸ್ಟ್ 23ರಂದು ಲಿಂಕನ್ ತಾನು ನವೆಂಬರ್‌ನ ಅಧ್ಯಕ್ಷ ಚುನಾವಣೆಯಲ್ಲಿ ಬಹುಶಃ ಸೋಲುತ್ತೇನೆ ಎಂದು ಒಂದು ಚೀಟಿ ಬರೆದ, ಮಡಚಿದ. ಒಳಗೇನಿದೆ ಎಂದು ತೋರಿಸದೆ ಮಂತ್ರಿಗಳಿಂದ ಹಿಂಬದಿಗೆ ಸಹಿ ಹಾಕಿಸಿದ. ಎದುರಾಳಿ ಯಾರು ಅಂತೀರಿ? ಸಿಗಾರ್ ಕಾಗದದ ಅದೇ ಮೆಕ್ಲೆಲನ್. ಚೀಟಿ ಬರೆದು ಹತ್ತೇ ದಿನಕ್ಕೆ, ಸೆಪ್ಟೆಂಬರ್ 2ರಂದು, ಉತ್ತರದ ಇನ್ನೊಬ್ಬ ಸೇನಾಪತಿ ಶರ್ಮನ್ ಅಟ್ಲಾಂಟಾ ಹಿಡಿದ. ದಕ್ಷಿಣದ ರೈಲುಗಳೆಲ್ಲ ಕೂಡುವ ಊರದು. ನವೆಂಬರ್‌ನಲ್ಲಿ ಲಿಂಕನ್‌ಗೆ 212 ಎಲೆಕ್ಟರ್ (ರಾಜ್ಯಗಳ ಪರವಾಗಿ ಅಧ್ಯಕ್ಷನನ್ನು ಆರಿಸುವ ಪ್ರತಿನಿಧಿಗಳ) ಮತ, ಮೆಕ್ಲೆಲನ್‌ಗೆ 21. ಮುಂದಿನ ಏಪ್ರಿಲ್ 9ಕ್ಕೆ ಲೀ ಶರಣಾದ.

ಪ್ರಶ್ನೆ: ಯುದ್ಧ ಗುಲಾಮಗಿರಿಗಾಗಿ ಅಲ್ಲ, ರಾಜ್ಯಗಳ ಹಕ್ಕಿಗಾಗಿ ಎಂದು ಅಮೆರಿಕದಲ್ಲಿರುವ ಗೆಳೆಯ ವಾದಿಸುತ್ತಾನೆ. ಏನು ಹೇಳಲಿ?
– ಓದುಗರು, ಮೈಸೂರು

ಉತ್ತರ: ಯಾವ ಹಕ್ಕು ಅಂತ ಕೇಳಿ. ಮಿಸಿಸಿಪ್ಪಿ ರಾಜ್ಯ ಬೇರೆಯಾದಾಗ ಹೊರಡಿಸಿದ ಹೇಳಿಕೆಯ ಶುರುವಿನಲ್ಲೇ ಗುಲಾಮಗಿರಿಯ ಮಾತು ಬರುತ್ತದೆ. ಇನ್ನೊಂದು ತಮಾಷೆ ನೋಡಿ. 1850ರ ಕಾನೂನಿನ ಪ್ರಕಾರ, ಓಡಿಬಂದ ಗುಲಾಮರನ್ನು ಉತ್ತರದವರೇ ಹಿಡಿದುಕೊಡಬೇಕಿತ್ತು. ಆಗ ಉತ್ತರದ ರಾಜ್ಯಗಳ ಹಕ್ಕು ದಕ್ಷಿಣದವರಿಗೆ ನೆನಪಾಗಲಿಲ್ಲ.

ಪ್ರಶ್ನೆ: ಆ ಯುದ್ಧದಿಂದ ನಮ್ಮ ಕಡೆ ಹತ್ತಿಗೆ ಬಂಗಾರದ ಬೆಲೆ ಬಂದಿತ್ತಂತೆ. ನಿಜವೇ?
– ಹತ್ತಿ ಬೆಳೆಗಾರರು, ಗದಗ

ಉತ್ತರ: ನಿಜ. ಬ್ರಿಟನ್ನಿನ ಗಿರಣಿಗಳಿಗೆ ಹತ್ತಿ ಬರುತ್ತಿದ್ದದ್ದು ಮುಖ್ಯವಾಗಿ ಅಮೆರಿಕದ ದಕ್ಷಿಣದಿಂದ. ಹತ್ತಿ ಇಲ್ಲದೆ ಲಂಡನ್ ತಮ್ಮ ಕಾಲಿಗೆ ಬೀಳುತ್ತದೆ ಎಂದುಕೊಂಡು ದಕ್ಷಿಣದವರು 1861ರಲ್ಲಿ ತಾವೇ ಮಾಲು ತಡೆಹಿಡಿದರು. ಬಂದರುಗಳಿಗೆ ಉತ್ತರದ ನೌಕಾಪಡೆಯ ಕಾವಲೂ ಬಿತ್ತು. ಆದರೆ ಬ್ರಿಟನ್ ಈಜಿಪ್ಟ್ ಕಡೆಗೂ ನಮ್ಮ ಕಡೆಗೂ ತಿರುಗಿತು. ಧಾರವಾಡ ಸೀಮೆಯಲ್ಲಿ ಅಮೆರಿಕದ ತಳಿ 1840ರ ದಶಕದಲ್ಲೇ ಬೇರು ಬಿಟ್ಟಿತ್ತು. ಜವಾರಿ ಹತ್ತಿ ಕುಮಟಾ ಬಂದರಿನಿಂದ ಹೋಗುತ್ತಿದ್ದರಿಂದ ಪೇಟೆಯಲ್ಲಿ ಅದಕ್ಕೆ ಕುಮಟಾ ಅಂತಲೇ ಹೆಸರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರ ಬಂದರಿನಿಂದ ಈ ಹತ್ತಿ ಸಾಗಿಸುವ ಲೆಕ್ಕಾಚಾರ ಇತ್ತು.

ಬೆಲೆ ಏರಿದಾಗ ಕಲಬೆರಕೆಯೂ ಏರಿತು. ಎಷ್ಟೆಂದರೆ ಅದನ್ನು ತಡೆಯಲೆಂದೇ ಮುಂಬಯಿ ಸರ್ಕಾರ 1863ರಲ್ಲಿ ಕಾನೂನು ಮಾಡಬೇಕಾಯಿತು. 1865ರಲ್ಲಿ ಯುದ್ಧ ನಿಂತ ಸುದ್ದಿ ಬಂದದ್ದೇ ಬೆಲೆ ಬಿತ್ತು. ಹತ್ತಿ ದುಡ್ಡಿನಲ್ಲಿ ಕಂಪನಿ, ಷೇರು ಎಂದು ಕುಣಿದ ಮುಂಬಯಿಯ ಎಷ್ಟೋ ಸಾಹುಕಾರರು ಆ ವರ್ಷವೇ ದಿವಾಳಿ ಎದ್ದರು.