ವಿರಾಜಪೇಟೆಯಲ್ಲಿದ್ದುಕೊಂಡು ಬಾಸ್ಟನ್ ಮ್ಯಾರಥಾನ್‌ಗೆ ಕ್ವಾಲಿಫೈ ಆಗೋದು ಸಾಧ್ಯವಾ?

ನಿಮಗೆ 39 ವರ್ಷ, ಮುಂಬೈನಲ್ಲಿ ಎರಡು ಸಲ ಓಡಿದರೂ 3 ಗಂಟೆ 9 ನಿಮಿಷಕ್ಕಿಂತ ಕೆಳಗೆ ಬರಲಾಗಿಲ್ಲ, ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ನಾನು ಸುಂಟಿಕೊಪ್ಪದ ಹತ್ತಿರ ಐದು ಎಕರೆ ಕಾಫಿ ತೋಟ ನೋಡಿಕೊಳ್ಳುವವಳು, ವಯಸ್ಸು 46. ಮೂರು ವರ್ಷ ಕೈಗೆ ಹತ್ತದೆ ಕೂತಿದ್ದೇನೆ. ಸೋಲಿನಲ್ಲಿ ನಾನು ನಿಮಗಿಂತ ಸೀನಿಯರ್.

ಮೊದಲು ಒಂದು ಲೆಕ್ಕ. ಕ್ವಾಲಿಫೈ ಅಂದರೆ, ಬೇರೊಂದು ಮ್ಯಾರಥಾನನ್ನು ಅಮೆರಿಕದ ಬಾಸ್ಟನ್‌ನವರು ವಯಸ್ಸಿಗೆ ತಕ್ಕಂತೆ ಇಟ್ಟಿರುವ ಮಿತಿಯೊಳಗೆ ಓಡಿ ಮುಗಿಸುವುದು. ನೀವು ಕ್ವಾಲಿಫೈ ಆಗಲು ಓಡಿದ ದಿನದ ವಯಸ್ಸನ್ನು ಬಾಸ್ಟನ್‌ನವರು ನೋಡುವುದಿಲ್ಲ. ಅಲ್ಲಿನ ರೇಸ್ ದಿನ ಎಷ್ಟು ವಯಸ್ಸು ಅನ್ನೋದೇ ಲೆಕ್ಕ. ಈಗಿನ ಪಟ್ಟಿಯಲ್ಲಿ ಗಂಡಸರಿಗೆ 35ರಿಂದ 39ರವರೆಗೆ 3 ಗಂಟೆ, 40 ಆದರೆ 3 ಗಂಟೆ 5 ನಿಮಿಷ. ಹುಟ್ಟುಹಬ್ಬ ಯಾವಾಗ ಅಂತ ನೋಡಿಕೊಳ್ಳಿ, ಐದು ನಿಮಿಷ ಸುಮ್ನೆ ಸಿಕ್ಕಿದ ಹಾಗೆ.

ಇನ್ನು ನನ್ನ ಕಥೆ. ಊರಲ್ಲಿ ಎಲ್ಲರೂ ಹೇಳಿದ್ದು ಒಂದೇ: ‘ಗುಡ್ಡ ಹತ್ತಿ ಇಳಿಯೋರಿಗೆ ಮುಂಬೈ ಏನು ಮಹಾ?’ ನಾನೂ ನಂಬಿದೆ. 2023ರ ಜನವರಿಯಲ್ಲಿ ಅಲ್ಲಿ 30 ಕಿಲೋಮೀಟರ್ ದಾಟುತ್ತಿದ್ದ ಹಾಗೆ ಎರಡೂ ಕಾಲು ಹಿಡಿದುಕೊಂಡವು. ಇಲ್ಲಿ ಸ್ವೆಟರ್ ಹಾಕಿಕೊಂಡು ಏಳುವ ತಿಂಗಳು, ಅಲ್ಲಿ ಸೂರ್ಯ ಹುಟ್ಟುವ ಮೊದಲೇ ಬೆವರು. ಮುಗಿಸಿದ್ದು 4 ಗಂಟೆ 11 ನಿಮಿಷಕ್ಕೆ. ಇಳಿಜಾರು ಜಾಸ್ತಿ ಓಡಿದರೆ ಕಾಲು ಗಟ್ಟಿಯಾಗುತ್ತೆ ಅಂದುಕೊಂಡು, ಪ್ರತಿ ಭಾನುವಾರ ಮಡಿಕೇರಿಯಿಂದ ಮನೆವರೆಗೆ ಇಳಿದೆ. ನೋವು ಬಂತು. ಮೊದಲು ತೋರಿಸಿದ ಕಡೆ ಮುಲಾಮು ಕೊಟ್ಟು ಕಳಿಸಿದರು. ಆಮೇಲೆ ಎಂಆರ್‌ಐ ಮಾಡಿಸಿದಾಗ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. 2024ರ ಮುಂಬೈ ಓಟದ ದಿನ ತೋಟದ ಕಣದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಕಾಫಿ ಒಣಗಿಸೋದನ್ನು ನೋಡುತ್ತಿದ್ದೆ.

ತಪ್ಪು ಎಲ್ಲಿ ಅಂತ ಗೊತ್ತಾಗಿದ್ದು ಆ ಕುರ್ಚಿಯಲ್ಲೇ. ಗುಡ್ಡದಲ್ಲಿ ನಾವು ಹತ್ತು ನಿಮಿಷವೂ ಒಂದೇ ವೇಗದಲ್ಲಿ ಓಡುವುದಿಲ್ಲ. ಹತ್ತುವಾಗ ಏದುಸಿರು, ಇಳಿಯುವಾಗ ಆರಾಮ. ನನ್ನ ವಯಸ್ಸಿನ ಹೆಂಗಸರಿಗೆ ಬಾಸ್ಟನ್ ಮಿತಿ 3 ಗಂಟೆ 45 ನಿಮಿಷ. ಅಂದರೆ ಪ್ರತಿ ಕಿಲೋಮೀಟರಿಗೆ 5 ನಿಮಿಷ 20 ಸೆಕೆಂಡ್, ಅದೂ 42 ಸಲ. ನನ್ನ ಕಾಲಿಗೆ ಅದು ಗೊತ್ತೇ ಇರಲಿಲ್ಲ.

ಹಾಗಾಗಿ ವಾರಕ್ಕೆ ಎರಡು ದಿನ ಕುಶಾಲನಗರಕ್ಕೆ ಇಳಿದು ಕೂಡಿಗೆ ಕಡೆಯ ಸಮತಟ್ಟು ರಸ್ತೆಯಲ್ಲಿ ಓಡಲು ಶುರು ಮಾಡಿದೆ. ಬೆಳಗ್ಗೆ ಐದಕ್ಕೆ ತೋಟದ ದಾರಿಯಲ್ಲಿ ಆನೆ ಭಯ, ಆದ್ದರಿಂದ ಮನೆಯವರು ಜೀಪಿನಲ್ಲಿ ಕರೆದುಕೊಂಡು ಹೋಗಿ, ಓಡುವಾಗಲೂ ಹಿಂದೆಯೇ ಬರುತ್ತಿದ್ದರು. ಎಂಟಕ್ಕೆ ಕೆಲಸದವರು ಬರುವಷ್ಟರಲ್ಲಿ ವಾಪಸ್. ರೊಬಸ್ಟಾ ಕುಯ್ಲು ಶುರುವಾಗೋದೂ ಮುಂಬೈ ಓಟವೂ ಒಂದೇ ತಿಂಗಳು, ಅದು ನಿಮಗೂ ಗೊತ್ತು. ಸಂಜೆ ಹಣ್ಣು ತೂಕ ಮಾಡಿ ಲೆಕ್ಕ ಬರೆಯೋ ಹೊತ್ತಿಗೆ ಓಟದ ಮಾತೇ ಬೇಡ.

2025ರಲ್ಲಿ 3 ಗಂಟೆ 43 ನಿಮಿಷ 20 ಸೆಕೆಂಡ್. ಕ್ವಾಲಿಫೈ! ಮನೆಯಲ್ಲಿ ಪಾಯಸ ಮಾಡಿದರು. ಸೆಪ್ಟೆಂಬರ್‌ನಲ್ಲಿ ಮಳೆ ಬಿಟ್ಟಿತ್ತು ಅಂತ ಕಳೆ ಕೊಚ್ಚಿಸುತ್ತಿದ್ದಾಗ ಫೋನಿಗೆ ಮೇಲ್ ಬಂತು. ಸೀಟು ಇಲ್ಲ. ಅರ್ಜಿ ಜಾಸ್ತಿ ಬಂದರೆ ಅವರು ವೇಗದವರಿಂದ ತುಂಬಿಸಿಕೊಂಡು ಬರುತ್ತಾರೆ. 2026ಕ್ಕೆ ಮಿತಿಗಿಂತ 4 ನಿಮಿಷ 34 ಸೆಕೆಂಡ್ ಬೇಗ ಓಡಿದವರಿಗೆ ಮಾತ್ರ ಜಾಗ. ನನಗೆ ಕಡಿಮೆ ಬಿದ್ದದ್ದು 2 ನಿಮಿಷ 54 ಸೆಕೆಂಡ್, ಕಿಲೋಮೀಟರಿಗೆ ನಾಲ್ಕೇ ನಾಲ್ಕು ಸೆಕೆಂಡ್! ಮಿತಿಯನ್ನೇ ಗುರಿ ಮಾಡಿಕೊಂಡಿದ್ದು ನನ್ನ ದಡ್ಡತನ. ನೀವು 3 ಗಂಟೆ 5 ನಿಮಿಷಕ್ಕಲ್ಲ, 2 ಗಂಟೆ 58 ನಿಮಿಷಕ್ಕೆ ತಯಾರಾಗಿ.

ತಮಾಷೆ ಏನೆಂದರೆ, ಬಾಸ್ಟನ್ ದಾರಿಯಲ್ಲಿ ಮೊದಲು ಇಳಿಜಾರು. ಆಮೇಲೆ ನ್ಯೂಟನ್ ಅನ್ನೋ ಕಡೆ ಏರುಗಳು. ಕೊನೆಯದು, ಹಾರ್ಟ್‌ಬ್ರೇಕ್ ಹಿಲ್, 32 ಕಿಲೋಮೀಟರ್ ದಾಟಿದ ಮೇಲೆ. ನಮ್ಮ ಗುಡ್ಡದ ಕಾಲು ಕೆಲಸಕ್ಕೆ ಬರೋದೇ ಅಲ್ಲಿ. ಆದರೆ ಅಲ್ಲಿಗೆ ಹೋಗೋ ಚೀಟಿ ಸಿಗೋದು ಸಮತಟ್ಟಿನಲ್ಲಿ, ಅಲ್ವಾ?

ಈ ಜನವರಿಯಲ್ಲಿ 3 ಗಂಟೆ 37 ನಿಮಿಷ 50 ಸೆಕೆಂಡ್ ಆಯಿತು. ಸೀಟು ಸಿಗುತ್ತಾ ಇಲ್ವಾ, ಸೆಪ್ಟೆಂಬರ್‌ನಲ್ಲಿ ಗೊತ್ತಾಗುತ್ತದೆ. ಈ ಸಲ ಪಾಯಸ ಮಾಡಿಲ್ಲ.

ನೀವೂ ಭಾನುವಾರ ಆ ಕಡೆ ಬನ್ನಿ. ಕೂಡಿಗೆ ರಸ್ತೆಯಲ್ಲಿ ಹಳೇ ಜೀಪಿನ ಮುಂದೆ ಒಬ್ಬ ಹೆಂಗಸು ಓಡುತ್ತಿದ್ದರೆ ಅದು ನಾನೇ. ಮಾತಾಡಿಸಬೇಕಾದರೆ ಜೀಪಿನಲ್ಲಿರೋರನ್ನು ಮಾತಾಡಿಸಿ, ನಾನು ವಾಚ್ ನೋಡಿಕೊಂಡಿರುತ್ತೇನೆ.