ಪ್ರತಿ ಕ್ರಿಸ್‌ಮಸ್‌ಗೂ ಅದೇ ಕಥೆ, ಸತ್ಯವೇದದಲ್ಲಿ ಹೊಸದೇನೂ ಕಾಣುತ್ತಿಲ್ಲ, ಏನು ಮಾಡಲಿ?

ಕಥೆ ಬಾಯಿಪಾಠ ಆಗಿಬಿಟ್ಟಿದೆ, ಓದಿದರೂ ಏನೂ ಅನ್ನಿಸುತ್ತಿಲ್ಲ, ನಂಬಿಕೆಯೇ ಕಡಿಮೆ ಆಯ್ತಾ ಅಂತ ಭಯ ಎಂದು ಬರೆದಿದ್ದೀರಿ. ನಂಬಿಕೆ ಹೋಗಿದ್ದರೆ ನೀವು ಇದನ್ನು ಕೇಳುತ್ತಲೇ ಇರಲಿಲ್ಲ. ನನಗೂ ಹೀಗೆ ಆಗಿತ್ತು. ಆಗ ಮಾಡಿದ್ದು ಒಂದೇ ಕೆಲಸ. ಯೇಸುವಿನ ಜೀವನ ಹೇಳುವ ಲೂಕನ ಸುವಾರ್ತೆಯಲ್ಲಿ 24 ಅಧ್ಯಾಯ ಇವೆ, ಅಲ್ವಾ? ಡಿಸೆಂಬರ್ 1ರಿಂದ ದಿನಕ್ಕೊಂದು ಓದಿದರೆ 24ರ ರಾತ್ರಿಗೆ ಮುಗಿಯುತ್ತದೆ. ಎಷ್ಟೋ ಜನ ಹೀಗೆ ಓದುತ್ತಾರೆ.

ಯೇಸು ಹುಟ್ಟುವ ಕಥೆ ಎರಡನೇ ದಿನವೇ ಬಂದುಬಿಡುತ್ತದೆ. ಆ ದಿನ ನಾನು ನಿಂತಿದ್ದು 'ಗೋದಲಿ' ಅನ್ನುವ ಒಂದು ಪದದ ಹತ್ತಿರ. ಅದೇ ಅಧ್ಯಾಯದಲ್ಲಿ ಅದು ಮೂರು ಸಲ ಬರುತ್ತದೆ. ಕುರುಬರಿಗೆ ದೂತನು ಕೊಟ್ಟ ಗುರುತೇ ಅದು, ನಕ್ಷತ್ರ ಅಲ್ಲ. ನಕ್ಷತ್ರ ಇರುವುದು ಮತ್ತಾಯನ ಸುವಾರ್ತೆಯಲ್ಲಿ. ಗದಗದ ಕಡೆ ನಮ್ಮ ಅಜ್ಜಿಯ ಊರಿನಲ್ಲಿ ದನಕ್ಕೆ ಮೇವು ಹಾಕುವ ಜಾಗಕ್ಕೆ ಗ್ವಾದಲಿ ಅಂತಾರೆ. ಅದು ಇದ್ದದ್ದು ಮನೆಯ ಒಳಗೇ, ಬಾಗಿಲು ದಾಟಿದ ಕೂಡಲೇ ದನ, ಎರಡು ಮೆಟ್ಟಿಲು ಹತ್ತಿದರೆ ನಾವು ಮಲಗುವ ಪಡಸಾಲೆ. ಚರ್ಚಿನಲ್ಲಿ ಕಟ್ಟುವ ಗೋದಲಿ ನೋಡಿ ನೋಡಿ, ಅದು ಊರ ಹೊರಗೆ ಒಂಟಿಯಾಗಿರುವ ಗುಡಿಸಲು ಅಂತಲೇ ಅಂದುಕೊಂಡಿದ್ದೆ. ಅಜ್ಜಿಯ ಮನೆ ನೆನಪೇ ಆಗಿರಲಿಲ್ಲ.

ಹತ್ತನೇ ದಿನ ಒಳ್ಳೆಯ ಸಮಾರ್ಯನ ಕಥೆ. ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಒಬ್ಬನನ್ನು ಅವನು ಛತ್ರಕ್ಕೆ ಕರೆದುಕೊಂಡು ಹೋಗುತ್ತಾನೆ. 'ಛತ್ರದಲ್ಲಿ ಸ್ಥಳವಿರಲಿಲ್ಲ' ಅಂತ ಎರಡನೇ ಅಧ್ಯಾಯದಲ್ಲಿ ಓದಿದ್ದ ಪದವೇ ಇದು. ನಮ್ಮ ಸಭೆಯ ಪಾದ್ರಿ ಅಯ್ಯನವರನ್ನು ಕೇಳಿದೆ. ಲೂಕ ಬರೆದ ಗ್ರೀಕ್‌ನಲ್ಲಿ ಎರಡೂ ಬೇರೆ ಪದ ಅಂದರು. ಸಮಾರ್ಯನದು ದುಡ್ಡು ಕೊಟ್ಟು ತಂಗುವ ಛತ್ರ, 'ಪಂದೊಖೈಯೊನ್'. ಬೆತ್ಲೆಹೇಮಿನದು 'ಕತಲೂಮಾ', ಅಂದರೆ ಬಂದವರು ಉಳಿದುಕೊಳ್ಳುವ ಜಾಗ. ಯೇಸು ಶಿಷ್ಯರ ಜೊತೆ ಕೊನೆಯ ಊಟ ಮಾಡಿದ ಕೋಣೆಗೂ ಲೂಕ ಇದೇ ಪದ ಬಳಸುತ್ತಾನೆ, ಅದು 22ನೇ ಅಧ್ಯಾಯ. ಹಾಗಾದರೆ ಯೇಸುವಿನ ತಾಯಿ ಮರಿಯಳ ಗಂಡ ಯೋಸೇಫನ ಸ್ವಂತ ಊರಿನಲ್ಲಿ ಯಾರದೋ ಮನೆಯ ಅತಿಥಿ ಕೋಣೆ ತುಂಬಿತ್ತು, ಮನೆಯವರು ದನದ ಪಕ್ಕದಲ್ಲೇ ಬಾಣಂತಿಗೆ ಜಾಗ ಮಾಡಿಕೊಟ್ಟರು ಅಂತ ಹಲವು ವಿದ್ವಾಂಸರು ಓದುತ್ತಾರೆ. ಎಲ್ಲರೂ ಒಪ್ಪುವುದಿಲ್ಲ. ಆದರೆ ಸಂಡೇ ಸ್ಕೂಲ್ ನಾಟಕದಲ್ಲಿ ಬಾಗಿಲು ಹಾಕಿಕೊಳ್ಳುತ್ತಾನಲ್ಲ, ಆ ಛತ್ರದ ಯಜಮಾನ, ಅವನು ಲೂಕನ ಎರಡನೇ ಅಧ್ಯಾಯದಲ್ಲಿ ಎಲ್ಲೂ ಇಲ್ಲ. ನೀವೇ ತೆರೆದು ನೋಡಿ. ನಾನು ಮೂವತ್ತು ವರ್ಷ ಅವನ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ.

13ನೇ ದಿನ ಇನ್ನೊಂದು ಸಿಕ್ಕಿತು. ಕೆಲಸ ಮಾಡಬಾರದ ಸಬ್ಬತ್ ದಿನವೂ ನೀವು ಎತ್ತನ್ನೋ ಕತ್ತೆಯನ್ನೋ ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗುವುದಿಲ್ಲವೇ ಅಂತ ಯೇಸು ಕೇಳುತ್ತಾನೆ. ಎಲ್ಲಿಂದ ಬಿಚ್ಚಿ? ಗ್ರೀಕ್‌ನಲ್ಲಿ ಅದೂ ಗೋದಲಿಯ ಪದವೇ. ಹದಿನೆಂಟು ವರ್ಷ ನಡು ಬಗ್ಗಿಹೋಗಿದ್ದ ಹೆಂಗಸನ್ನು ಆಗತಾನೇ ವಾಸಿ ಮಾಡಿ ಆಡಿದ ಮಾತು ಅದು. ಗೋದಲಿಯಲ್ಲಿ ಮಲಗಿದ್ದ ಕೂಸು ಬೆಳೆದು ದೊಡ್ಡವನಾಗಿ ಆ ಪದ ಹೇಳುತ್ತಿದೆ. ಅವತ್ತು ಮುಂದೆ ಓದೋಕೆ ಆಗಲಿಲ್ಲ, ಪುಸ್ತಕ ಮುಚ್ಚಿ ಸುಮ್ನೆ ಕೂತೆ.

23ನೇ ದಿನ ಶಿಲುಬೆ. ಯೋಸೇಫ ಅನ್ನುವ ಇನ್ನೊಬ್ಬ, ಅರಿಮಥಾಯದವನು, ದೇಹವನ್ನು ಇಳಿಸಿ ನಾರುಮಡಿಯಲ್ಲಿ ಸುತ್ತಿ ಗವಿಯಂಥ ಸಮಾಧಿಯಲ್ಲಿ ಇಡುತ್ತಾನೆ. ಮರುದಿನ ರಾತ್ರಿ ಆರಾಧನೆಯಲ್ಲಿ ಎರಡನೇ ಅಧ್ಯಾಯವನ್ನು ಮತ್ತೆ ಓದಿದರು, ಪ್ರತಿ ವರ್ಷದ ಹಾಗೆಯೇ. 'ಬಟ್ಟೆಯಲ್ಲಿ ಸುತ್ತಿ ಮಲಗಿಸಿದಳು' ಅಂತ ಬಂದಾಗ ನನಗೆ ಅಳು ತಡೆಯೋಕೆ ಆಗಲಿಲ್ಲ.

ಡಿಸೆಂಬರ್ 1 ಆಗಲೇ ದಾಟಿದ್ದರೆ ದಿನಕ್ಕೆ ಎರಡು ಅಧ್ಯಾಯ ಓದಿ, ಆದರೆ ಮೊದಲನೆಯದರಿಂದಲೇ ಶುರು ಮಾಡಿ. ಜೋರಾಗಿ ಓದಿ, ಮನೆಯಲ್ಲಿ ಇನ್ನೊಬ್ಬರು ಕೇಳಿಸಿಕೊಳ್ಳುವ ಹಾಗೆ. ಯಾವ ಪದದ ಹತ್ತಿರ ನಿಂತಿರಿ ಅಂತ ಆಮೇಲೆ ಇಲ್ಲೇ ಬರೆಯಿರಿ, ನನಗೆ ಓದುವ ಆಸೆ.